ತವರದ ಕೂದಲು

ಜಡೆಯಕ್ಕನನ್ನು ನಾನು ಮೊದಲು ನೋಡಿದ್ದು ಹಿಂದಿನಿಂದ. ಕೆಲಸಕ್ಕೆ ಸೇರಿದ ಮೊದಲ ದಿನ, ಎರಡು ಕೈಯಲ್ಲೂ ಟ್ರೇ ಹಿಡಿದಿದ್ದರಿಂದ ತಪಾಸಣೆ ಕೋಣೆಯ ಬಾಗಿಲನ್ನು ಭುಜದಿಂದ ತಳ್ಳಿಕೊಂಡು ಒಳಗೆ ಹೋಗಿದ್ದೆ. ಎದುರಿಗೆ ಒಂದು ಬೆನ್ನು ಕಂಡಿತು, ಬೆನ್ನಿನ ಉದ್ದಕ್ಕೂ ಒಂದು ಜಡೆ. ತಲೆಗೆ ಕಾರ್ಖಾನೆಯ ನೀಲಿ ಟೋಪಿ ಇತ್ತು. ಆದರೆ ಆ ಟೋಪಿಯಲ್ಲಿ ಹಿಡಿಸುವಂಥ ಕೂದಲಲ್ಲ ಅದು. ಟೋಪಿಯಿಂದ ಹೊರಬಂದು, ಸ್ಟೂಲಿನ ಅಂಚು ದಾಟಿ, ನೆಲ ಮುಟ್ಟುವ ಮೊದಲು ಸುತ್ತಿ ಬಂದು ಏಪ್ರನ್ನಿನ ಜೇಬಿನೊಳಗೆ ಸೇರಿಕೊಂಡಿತ್ತು. ಕಪ್ಪಿನ ನಡುವೆ ಅಲ್ಲಲ್ಲಿ ಬೆಳ್ಳಿಯ ಎಳೆಗಳು.

"ಬಾಗಿಲು ಹಾಕಮ್ಮ, ಧೂಳು ಬರುತ್ತೆ" ಎಂದರು, ಭೂತಗನ್ನಡಿಯಿಂದ ಮುಖ ಎತ್ತದೆ.

ಬಾಗಿಲನ್ನು ಕಾಲಿನಿಂದಲೇ ಮುಚ್ಚಿದೆ. ಆಗ ತಿರುಗಿ ನೋಡಿದರು. ಅಗಲ ಮುಖ, ಇಷ್ಟು ವರ್ಷ ಒಂದೇ ಕಣ್ಣು ಕಿರಿದು ಮಾಡಿಕೊಂಡು ನೋಡಿ ನೋಡಿ ಬಲಗಣ್ಣಿನ ಪಕ್ಕದಲ್ಲಿ ಮಾತ್ರ ಸುಕ್ಕು. ಟ್ರೇ ಇಳಿಸಿಕೊಂಡು, ನನ್ನ ಬಲಗೈ ಹಿಡಿದು, ಉಗುರು ನೋಡಿ, ಮಣಿಕಟ್ಟಿಗೆ ಒಂದು ಪಟ್ಟಿ ಸುತ್ತಿ ಅದರ ತಂತಿಯನ್ನು ಮೇಜಿನ ಕಬ್ಬಿಣಕ್ಕೆ ಸಿಕ್ಕಿಸಿದರು. ನಮ್ಮ ಮೈಯಲ್ಲಿರುವ ಸಣ್ಣ ವಿದ್ಯುತ್ತು ಬೋರ್ಡುಗಳನ್ನು ಹಾಳುಮಾಡದಿರಲಿ ಎಂದು ಅಲ್ಲಿ ಎಲ್ಲರೂ ಹಾಗೆ ಕಟ್ಟಿಕೊಳ್ಳಬೇಕು. ನಾನು ಹಳ್ಳಿಯಿಂದ ಬಂದವಳು, ನಮ್ಮ ಮನೆಯಲ್ಲಿ ಡಿಗ್ರಿ ಮಾಡಿದವಳು ನಾನೊಬ್ಬಳೇ. ಬಾಯಿ ತಡೆಯದೆ, "ಅಕ್ಕಾ, ಹಸು ಕಟ್ಟಿದ ಹಾಗೆ ಕಟ್ಟಿಬಿಟ್ರಲ್ಲ" ಎಂದೆ.

"ಹಸುಗಾದ್ರೆ ಹೊತ್ತೊತ್ತಿಗೆ ಹುಲ್ಲು ಹಾಕ್ತಾರೆ. ನಾವು ಡಬ್ಬಿ ತರಬೇಕು."

ಪಕ್ಕದ ಮೇಜಿನವಳು ಗೊಳ್ಳೆಂದು ನಕ್ಕಳು. ಆಕೆಯನ್ನು ಯಾರೂ ಹೆಸರು ಹಿಡಿದು ಕರೆಯುತ್ತಿರಲಿಲ್ಲ, ಎಲ್ಲರಿಗೂ ಅವಳು ರೇಡಿಯೋ. ಕೆಲಸಕ್ಕೆ ಬಂದಾಗ ಶುರುವಾದರೆ ಸೈರನ್ ಆಗುವವರೆಗೆ ನಿಲ್ಲುತ್ತಿರಲಿಲ್ಲ. "ಹುಷಾರು ಕಣೇ, ಈ ಅಕ್ಕ ಡಬ್ಬಿ ತಂದಿದ್ದೀಯಾ ಅಂತ ಕೇಳಿದ್ರೆ ನಿನ್ನ ಡಬ್ಬಿ ಅರ್ಧ ಹೋಯ್ತು ಅಂತ ತಿಳ್ಕೋ" ಎಂದಳು.

ನಮ್ಮ ಕಾರ್ಖಾನೆ ಲಿಫ್ಟುಗಳ ಬಾಗಿಲನ್ನು ನಡೆಸುವ ಬೋರ್ಡುಗಳನ್ನು ಮಾಡುತ್ತಿತ್ತು. ಯಾವಾಗ ತೆರೆಯಬೇಕು, ಯಾವಾಗ ಮುಚ್ಚಬೇಕು, ನಡುವೆ ಯಾರದಾದರೂ ಕೈ ಸಿಕ್ಕಿದರೆ ಹೇಗೆ ಹಿಂದೆ ಸರಿಯಬೇಕು ಎಂಬುದನ್ನೆಲ್ಲ ಅಂಗೈ ಅಗಲದ ಹಸಿರು ಹಲಗೆ ತೀರ್ಮಾನಿಸುತ್ತದೆ. ಅದರ ಮೇಲೆ ಕರಿ ಎಲೆಕ್ಟ್ರಾನಿಕ್ ಚಿಪ್ಪುಗಳು, ಚಿಪ್ಪಿನ ಎರಡೂ ಬದಿಗೆ ಬಾಚಣಿಗೆಯ ಹಲ್ಲಿನಂತೆ ಸಾಲು ಪಿನ್ನುಗಳು. ಆ ಹಲ್ಲುಗಳ ಸಂದುಗಳನ್ನು ನೋಡುವುದು ಜಡೆಯಕ್ಕನ ಕೆಲಸ. ತಪ್ಪು ಕಂಡರೆ ಒಂದು ಅಂಟುಚುಕ್ಕೆ ಹಚ್ಚಬೇಕು. ಕೆಂಪು ಚುಕ್ಕೆ ಎಂದರೆ ಮಾಲಿನ ತಪ್ಪು: ಬಿರುಕು, ಕೆಟ್ಟ ಲೋಹ. ಹಳದಿ ಚುಕ್ಕೆ ಎಂದರೆ ನಮ್ಮವರ ತಪ್ಪು: ಧೂಳು, ಬೆರಳ ಗುರುತು, ಕೂದಲು. ಚುಕ್ಕೆ ಹಚ್ಚಿದ ಮೇಲೆ ಬೋರ್ಡು ಮುಂದಿನ ಕೋಣೆಗೆ ಹೋಗುತ್ತಿತ್ತು, ಯಾರ ಮೇಜಿನಲ್ಲಿ ಯಾವ ಬಣ್ಣ ಎಷ್ಟು ಎಂಬ ಲೆಕ್ಕ ಮಾತ್ರ ಮೇಲಿನ ಮಹಡಿಗೆ ಹೋಗುತ್ತಿತ್ತು. ಅಲ್ಲಿ ಮ್ಯಾನೇಜರ್ ಕೂರುತ್ತಿದ್ದರು.

ಜಡೆಯಕ್ಕ ಇದ್ದದ್ದು ಅಣ್ಣನ ಮನೆಯಲ್ಲಿ. ಗಂಡ ಒಂದು ದಿನ ಕೆಲಸ ಹುಡುಕುತ್ತೇನೆಂದು ಹೋದವನು ಕೆಲಸದ ಜೊತೆಗೆ ಇನ್ನೊಂದು ಸಂಸಾರವನ್ನೂ ಹುಡುಕಿಕೊಂಡ. ತವರಿಗೆ ವಾಪಸು ಬಂದಾಗ ಅಣ್ಣ, "ಇರು, ಮನೆ ನಿಂದೇ" ಎಂದನಂತೆ. ಅತ್ತಿಗೆ ಅಡುಗೆಮನೆಗೂ ಬಚ್ಚಲಿಗೂ ನಡುವಿನ ಓಣಿಯಲ್ಲಿ ಒಂದು ಚಾಪೆ ಹಾಸಿ ತೋರಿಸಿದಳಂತೆ. ಅಂದಿನಿಂದ ಅದೇ ಜಾಗ. ಬೆಳಗ್ಗೆ ಬಚ್ಚಲಿಗೆ ಹೋಗುವವರು ದಾಟಿಕೊಂಡು ಹೋಗುವ ಮೊದಲೇ ಎದ್ದು ಚಾಪೆ ಸುತ್ತಬೇಕು. ತಲೆ ಬಾಚುವುದಕ್ಕೂ ಹಿತ್ತಲಿಗೇ ಹೋಗಬೇಕು. ಒಂದು ಎಳೆ ಕೂದಲು ನೆಲದ ಮೇಲೆ ಸಿಕ್ಕರೆ ಅತ್ತಿಗೆ ಅದನ್ನು ಎರಡು ಬೆರಳಲ್ಲಿ ಎತ್ತಿ ಹಿಡಿದುಕೊಂಡು ಮನೆಯೆಲ್ಲ ಮೆರವಣಿಗೆ ಮಾಡುತ್ತಿದ್ದಳು.

"ಯಾರದಿದು? ನನ್ನದಂತೂ ಅಲ್ಲ. ನನ್ನ ಕೂದಲು ಇಷ್ಟುದ್ದ ಇಲ್ಲವಲ್ಲ, ಮಹಾರಾಣಿಯರ ಹಾಗೆ!"

ಇದನ್ನು ಅಕ್ಕ ನಗುನಗುತ್ತಲೇ ಅಭಿನಯಿಸಿ ತೋರಿಸುತ್ತಿದ್ದರು.

ಕಾರ್ಖಾನೆಯ ಹಿಂದೆ ಖಾಯಂ ನೌಕರರಿಗೆಂದು ಕಟ್ಟಿದ ಮನೆಗಳ ಸಾಲು. ಕೊನೆಯದು ಖಾಲಿ ಇತ್ತು. ನೀಲಿ ಬಾಗಿಲು, ಒಂದು ಕೋಣೆ, ಒಂದು ಅಡುಗೆಮನೆ, ಕಿಟಕಿಯ ಒಂದು ಗಾಜು ಒಡೆದಿತ್ತು. ಮಧ್ಯಾಹ್ನ ಊಟವಾದ ಮೇಲೆ ಅಕ್ಕ ನನ್ನನ್ನೂ ಕರೆದುಕೊಂಡು ಆ ಕಡೆ ಒಂದು ಸುತ್ತು ಹೋಗುತ್ತಿದ್ದರು. ಒಡೆದ ಗಾಜಿನ ತೂತಿನಿಂದ ಒಳಗೆ ನೋಡಿ, "ಮಂಚ ಆ ಮೂಲೇಲಿ. ಬಾಗಿಲಿಗೆ ಒಳಗಿನಿಂದ ಚಿಲಕ ಇದೆ ನೋಡು, ಗಟ್ಟಿ ಚಿಲಕ" ಎನ್ನುತ್ತಿದ್ದರು. ಮನೆಯ ಬಗ್ಗೆ ಹೇಳುವಾಗ ಅವರು ಬೇರೆ ಏನನ್ನೂ ಹೊಗಳುತ್ತಿರಲಿಲ್ಲ, ಚಿಲಕವೊಂದನ್ನೇ. ಮ್ಯಾನೇಜರ್ ಮಾತು ಕೊಟ್ಟಿದ್ದರು: ಈ ವರ್ಷ ಅಕ್ಕನ ಮೇಜಿನ ಮೇಲೆ ದೂರು ಬರದಿದ್ದರೆ ಖಾಯಂ, ಖಾಯಂ ಆದರೆ ಆ ಮನೆ.

ಆ ವರ್ಷವೇ ಲಿಫ್ಟುಗಳು ಹುಚ್ಚಾಟ ಶುರುಮಾಡಿದವು.

ಅದಕ್ಕೆ ಮೊದಲು ನಡೆದ ಒಂದು ಬದಲಾವಣೆ ನಮ್ಮ ಕೋಣೆಯವರಿಗೆ ಗೊತ್ತಿತ್ತು, ಯಾರೂ ತಲೆಗೆ ಹಚ್ಚಿಕೊಂಡಿರಲಿಲ್ಲ. ಪಿನ್ನುಗಳಿಗೆ ತವರದ ಲೇಪ ಇರುತ್ತದೆ. ತಾಮ್ರದ ಪಾತ್ರೆಗೆ ಕಲಾಯಿ ಹಾಕುವ ಅದೇ ಬಿಳಿ ಲೋಹ. ಹಿಂದೆ ಆ ತವರಕ್ಕೆ ಚೂರು ಸೀಸ ಬೆರೆಸುತ್ತಿದ್ದರು. ಸೀಸ ವಿಷವೆಂದು ಅದನ್ನು ಬಿಟ್ಟರು. ಬಿಟ್ಟದ್ದು ಸರಿಯೇ. ಸೀಸ ಬಿಟ್ಟ ಮೇಲೆ ಲೇಪ ಕೊಡುವ ಬೇರೆ ಬೇರೆ ದಾರಿಗಳಿದ್ದವು. ಅದರಲ್ಲಿ ಮೇಲಿನ ಮಹಡಿಯವರು ಆರಿಸಿದ್ದು ಎಲ್ಲಕ್ಕಿಂತ ಅಗ್ಗದ್ದು, ಎಲ್ಲಕ್ಕಿಂತ ಹೊಳೆಯುವುದು. ಹೊಸ ಪಿನ್ನಿನ ಮೊದಲ ಟ್ರೇ ಬಂದ ದಿನ ರೇಡಿಯೋ ಅದರಲ್ಲಿ ಮುಖ ನೋಡಿಕೊಂಡಂತೆ ಮಾಡಿ ಬೈತಲೆ ತಿದ್ದಿಕೊಂಡಿದ್ದಳು.

ಕೆಲವು ತಿಂಗಳ ನಂತರ ಬೋರ್ಡುಗಳು ವಾಪಸು ಬರತೊಡಗಿದವು. ಒಂದು ಕಡೆ ಲಿಫ್ಟಿನ ಬಾಗಿಲು ಮುಚ್ಚಿದ್ದು ತೆರೆಯಲೇ ಇಲ್ಲ. ಇನ್ನೊಂದು ಕಡೆ ಮಹಡಿ ಬರುವ ಮೊದಲೇ ತೆರೆಯಿತು, ಒಳಗಿದ್ದವರಿಗೆ ಎದುರಿಗೆ ಬರೀ ಗೋಡೆ. ಮುಂದಿನ ಪರೀಕ್ಷಾ ಕೋಣೆಯಲ್ಲಿ ಕರೆಂಟು ಕೊಟ್ಟು ನೋಡಿದರೆ ಹೆಚ್ಚಿನವು ಸಾಧುಪ್ರಾಣಿಗಳ ಹಾಗೆ ಕೆಲಸ ಮಾಡುತ್ತಿದ್ದವು.

"ಭೂತ ಮೆಟ್ಟಿಕೊಂಡಿದೆ. ಭೂತಗನ್ನಡೀಲಿ ನೋಡಿ ಅಕ್ಕಾ, ಕಾಣುತ್ತೇನೋ" ಎಂದಳು ರೇಡಿಯೋ.

ಅಕ್ಕ ನೋಡಿದರು. ದೀಪವನ್ನು ಓರೆ ಮಾಡಿ, ಬೋರ್ಡನ್ನು ಆ ಕಡೆ ಈ ಕಡೆ ವಾಲಿಸಿದಾಗ ಎರಡು ಪಿನ್ನುಗಳ ನಡುವೆ ಏನೋ ಮಿಂಚಿ ಮಾಯವಾಯಿತು. ಮತ್ತೆ ವಾಲಿಸಿದರು. ಒಂದು ಎಳೆ. ಬಿಳಿ, ತೆಳ್ಳಗೆ, ಹೊಳೆಯುವ ಎಳೆ. ಅವರ ಕೈ ತಾನಾಗಿ ತಲೆಯ ಟೋಪಿಗೆ ಹೋಯಿತು. ಆ ಕೋಣೆಯಲ್ಲಿ ಉಳಿದವರೆಲ್ಲ ಚಿಕ್ಕವರು. ನರೆತ ಕೂದಲಿದ್ದದ್ದು ಅವರೊಬ್ಬರಿಗೇ.

ಬ್ರಷ್ಷಿನಿಂದ ಎಳೆಯನ್ನು ಒರೆಸಿ ತೆಗೆದು, ಹಳದಿ ಚುಕ್ಕೆಯ ಹಾಳೆಯಿಂದ ಒಂದು ಚುಕ್ಕೆ ಬಿಡಿಸಿ ಹಚ್ಚಿದರು. ಅಕ್ಕ ಅಂಥವರು. ಚುಕ್ಕೆ ಹಚ್ಚದೆ ಬಿಟ್ಟಿದ್ದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ.

ಆಮೇಲೆ ದಿನದಿನವೂ ಹಳದಿ. ವಾಪಸು ಬಂದವುಗಳಲ್ಲಿ ಮಾತ್ರವಲ್ಲ, ಗೋದಾಮಿನಲ್ಲಿ ಸೀಲು ಮಾಡಿ ಇಟ್ಟ, ಇನ್ನೂ ಯಾವ ಲಿಫ್ಟನ್ನೂ ನೋಡದ ಬೋರ್ಡುಗಳಲ್ಲೂ ಅದೇ ಎಳೆ. ಅಕ್ಕ ಎರಡು ಟೋಪಿ ಹಾಕಿಕೊಂಡರು. ಟೋಪಿಯ ಕೆಳಗೆ ಬಟ್ಟೆ ಬಿಗಿದರು. ಜಡೆಯನ್ನು ಏಪ್ರನ್ನಿನ ಒಳಗೆ ಇಳಿಸಿ ಸೊಂಟಕ್ಕೆ ಸುತ್ತಿಕೊಂಡರು. ಸೆಕೆಗೆ ಬೆವರಿಳಿದರೂ ಬಿಚ್ಚಲಿಲ್ಲ. ಒಂದು ಮಧ್ಯಾಹ್ನ ನೀಲಿ ಬಾಗಿಲಿನ ಕಡೆ ಹೋಗೋಣವೇ ಎಂದು ಕೇಳಿದೆ. "ಬೇಡ ಮಗಾ" ಎಂದಷ್ಟೇ ಹೇಳಿ ಕನ್ನಡಿ ಒರೆಸುತ್ತಾ ಕೂತರು.

ಮ್ಯಾನೇಜರ್ ಕೆಳಗಿಳಿದು ಬಂದದ್ದು ಆ ವಾರವೇ. ಟ್ರೇಗಳ ಮುಂದೆ ನಿಂತು, "ಏನಮ್ಮ ಇದು, ತಪಾಸಣೆ ಕೋಣೆಯೋ ಹೂವಿನ ತೋಟವೋ? ಎಲ್ಲಿ ನೋಡಿದ್ರೂ ಹಳದಿ" ಎಂದರು. ಯಾರೂ ನಗಲಿಲ್ಲ. ಅವರ ಕಣ್ಣು ಏಪ್ರನ್ನಿನ ಕೆಳಗೆ ಹಾವಿನಂತೆ ಉಬ್ಬಿದ್ದ ಜಡೆಯ ಮೇಲೆ ನಿಂತಿತು.

"ಬಿಳಿ ಕೂದಲು ಅಂತ ಕೇಳಿದೆ."

"ಹೌದು ಸಾರ್."

"ಇಲ್ಲಿ ಬಿಳಿ ಕೂದಲು ಯಾರಿಗಿದೆ?"

"ನನಗೇ ಸಾರ್."

"ನೋಡಿ, ನಾನೇನೂ ಹೇಳೋಲ್ಲ. ಹೆಣ್ಣುಮಕ್ಕಳ ಕೂದಲಿನ ವಿಷಯ, ನಾನು ಹೇಳಬಾರದು. ಖಾಯಂ ಮಾಡೋ ವಿಷಯ ಮಾತ್ರ ನನ್ನ ಕೈಲಿದೆ, ಅದು ಹೇಳ್ತೀನಿ. ನೀವೇ ಯೋಚನೆ ಮಾಡಿ."

ಹೇಳೋಲ್ಲ ಎನ್ನುತ್ತಲೇ ಹೇಳಬೇಕಾದದ್ದನ್ನೆಲ್ಲ ಹೇಳಿ ಮೆಟ್ಟಿಲು ಹತ್ತಿ ಹೋದರು.

ಸೋಮವಾರ ಅಕ್ಕ ಕೋಣೆಗೆ ಬಂದಾಗ ನನಗೆ ಗುರುತು ಸಿಗಲಿಲ್ಲ. ಬಸ್ ನಿಲ್ದಾಣದ ಪಕ್ಕ ಗಂಡಸರ ಕ್ಷೌರದಂಗಡಿಗೆ ಹೋಗಿ ಕತ್ತರಿಸಿಕೊಂಡು ಬಂದಿದ್ದರು. ಹೆಂಗಸರ ಅಂಗಡಿಯವಳು ಒಪ್ಪಲಿಲ್ಲವಂತೆ, "ಇಂಥ ಕೂದಲಿಗೆ ಕತ್ತರಿ ಹಾಕಿ ನಾನ್ಯಾಕಮ್ಮ ಪಾಪ ಕಟ್ಟಿಕೊಳ್ಳಲಿ" ಎಂದು ಕಳಿಸಿಬಿಟ್ಟಳಂತೆ. ಕಿವಿಗಳು ಇದ್ದಕ್ಕಿದ್ದಂತೆ ದೊಡ್ಡದಾಗಿ ಕಂಡವು. ಕತ್ತಿನ ಹಿಂದೆ ಯಾವತ್ತೂ ಬಿಸಿಲು ಕಾಣದ ಒಂದು ತಿಳಿಬಣ್ಣದ ಪಟ್ಟಿ. ಜಡೆಯನ್ನು ಹಾಗೇ ಹೆಣೆದಂತೆ ಕಾಗದದಲ್ಲಿ ಸುತ್ತಿ ತಂದಿದ್ದರು. ಮನೆಯಲ್ಲಿ ಇಡಲು ಅತ್ತಿಗೆ ಬಿಡಲಿಲ್ಲ. "ತಲೆ ಮೇಲಿದ್ದಾಗಲೇ ಹೇಸಿಗೆ ಆಗ್ತಿತ್ತು, ಇನ್ನು ಪೊಟ್ಟಣದಲ್ಲಿ ಬೇರೆ" ಎಂದಳಂತೆ. ಅಕ್ಕ ಅದನ್ನು ತಮ್ಮ ಲಾಕರಿನಲ್ಲಿ, ಊಟದ ಡಬ್ಬಿಯ ಹಿಂದೆ ಇಟ್ಟು ಬೀಗ ಹಾಕಿದರು.

ರೇಡಿಯೋ ನಿಂತುಹೋಗಿತ್ತು. ಊಟದ ಹೊತ್ತಿಗೆ, "ಅಕ್ಕಾ, ಈಗ ನಿಮ್ಮನ್ನ ಏನಂತ ಕರೀಲಿ?" ಎಂದಳು.

"ಜಡೆಯಕ್ಕ ಅಂತಲೇ ಕರಿ. ಜಡೆ ಹೋಗಿಲ್ಲ, ಮನೆ ಬದಲಾಯಿಸಿದೆ ಅಷ್ಟೆ."

ತಾವೇ ನಕ್ಕರು. ನಾವು ನಗಲಾರದೆ ಹೋದೆವು. ಅವರಿಗೆ ಮಾತ್ರ ಸಮಾಧಾನವಿತ್ತು, ಅದನ್ನು ನಾನು ಕಣ್ಣಾರೆ ನೋಡಿದ್ದೇನೆ. ತಪ್ಪು ತನ್ನದು, ತಪ್ಪಿನ ಬುಡವನ್ನೇ ಕತ್ತರಿಸಿದ್ದಾಯಿತು, ಇನ್ನು ಚಿಲಕದ ಮನೆ ದೂರವಿಲ್ಲ ಎಂಬ ಸಮಾಧಾನ. ಆ ದಿನದಿಂದ ತಾವು ನೋಡಿ ಮುಗಿಸಿದ ಬೋರ್ಡುಗಳನ್ನು ಬೇರೆಯವರ ಕೈಗೆ ಕೊಡದೆ ತಾವೇ ಚೀಲಕ್ಕೆ ಹಾಕಿ ತಾವೇ ಸೀಲು ಮಾಡಿದರು. ಮಧ್ಯಾಹ್ನದ ಸುತ್ತು ಮತ್ತೆ ಶುರುವಾಯಿತು. ಒಡೆದ ಗಾಜಿಗೆ ರಟ್ಟು ಕತ್ತರಿಸಲು ಅಳತೆಯನ್ನೂ ತೆಗೆದುಕೊಂಡರು.

ವರ್ಷ ಮುಗಿಯುತ್ತಾ ಬಂದಾಗ ಗೋದಾಮಿನಿಂದ ಆ ಚೀಲಗಳು ಮರುತಪಾಸಣೆಗೆ ಬಂದವು. ಅಕ್ಕ ಮೊದಲ ಚೀಲ ಹರಿದು, ಬೋರ್ಡನ್ನು ಕನ್ನಡಿಯ ಕೆಳಗಿಟ್ಟು, ದೀಪ ಓರೆ ಮಾಡಿದರು. ಅದೇ ಬಿಳಿ ಎಳೆ. ಎರಡನೆಯದನ್ನು ಹರಿದರು. ಮೂರನೆಯದನ್ನೂ ಹರಿದರು.

"ಇಲ್ಲಿ ಬಾ ಮಗಾ" ಎಂದು ನನ್ನನ್ನು ಕರೆದರು. "ಇದು ನಾನೇ ಮುಚ್ಚಿದ್ದು. ತಲೆ ಬೋಳಾದ ಮೇಲೆ ಮುಚ್ಚಿದ್ದು. ಒಂದು ಎಳೆಯೂ ಇಲ್ಲ ಅಂತ ನೋಡಿಯೇ ಮುಚ್ಚಿದ್ದು. ಇದು ಯಾರ ತಲೇದು?"

ನಾನು ಆ ಬೋರ್ಡನ್ನು ಪರೀಕ್ಷಾ ಕೋಣೆಗೆ ಒಯ್ದೆ. ಅಲ್ಲಿ ದೊಡ್ಡ ಮೈಕ್ರೋಸ್ಕೋಪ್ ಇತ್ತು, ಅದನ್ನು ನೋಡಿಕೊಳ್ಳುವ ಹಿರಿಯ ಇಂಜಿನಿಯರ್ ಇದ್ದರು. ಏನು ಕೇಳಿದರೂ ಪಾಠ ಮಾಡುತ್ತಾರೆಂದು ಅವರನ್ನು ಮೇಷ್ಟ್ರು ಎನ್ನುತ್ತಿದ್ದೆವು. ಅಕ್ಕನೂ ಹಿಂದೆಯೇ ಬಂದರು, ಅವರ ಹಿಂದೆ ರೇಡಿಯೋ. ಅಕ್ಕನ ಕೈಯಲ್ಲಿ ಲಾಕರಿನ ಕಾಗದದ ಪೊಟ್ಟಣವಿತ್ತು. ಜಡೆಯಿಂದ ಒಂದು ಬಿಳಿ ಕೂದಲು ಎಳೆದು ಮೇಷ್ಟ್ರ ಮುಂದೆ ಹಿಡಿದರು.

"ಇದನ್ನೂ ಪಕ್ಕದಲ್ಲಿ ಇಡಿ ಸಾರ್. ನನ್ನದೋ ಅಲ್ಲವೋ ಅಂತ ಒಂದ್ಸಲ ಗೊತ್ತಾಗಲಿ."

ಮೇಷ್ಟ್ರು ಎರಡನ್ನೂ ಇಟ್ಟು ಕಣ್ಣು ಹಚ್ಚಿದರು. ಹಚ್ಚಿದ ಕಣ್ಣನ್ನು ತೆಗೆಯಲೇ ಇಲ್ಲ. ಕೊನೆಗೆ ಕುರ್ಚಿಯನ್ನು ಹಿಂದೆ ತಳ್ಳಿ ನಮಗೆ ಜಾಗ ಬಿಟ್ಟರು. ನಾನು ನೋಡಿದೆ. ಅಕ್ಕನ ಕೂದಲು ಬಾವಿಯ ಹಗ್ಗದಷ್ಟು ದಪ್ಪ ಕಂಡಿತು. ಅದರ ಪಕ್ಕದಲ್ಲಿ, ಪಿನ್ನಿನ ಮೈಯಿಂದಲೇ ಹೊರಟ ಒಂದು ಸೂಜಿ, ನೇರವಾಗಿ ಹೋಗಿ, ನಡುವೆ ಒಮ್ಮೆ ಮುರಿದಂತೆ ಬಾಗಿ, ಪಕ್ಕದ ಪಿನ್ನನ್ನು ಮುಟ್ಟಿತ್ತು. ಮೇಲಿನಿಂದ ಬಿದ್ದದ್ದಲ್ಲ. ಅಲ್ಲೇ ಬೆಳೆದದ್ದು.

"ಕೂದಲಲ್ಲ. ತವರ" ಎಂದರು ಮೇಷ್ಟ್ರು.

ಆಮೇಲೆ ಪಾಠ ಮಾಡಿದರು, ಆದರೆ ಎಂದಿನ ಉತ್ಸಾಹವಿರಲಿಲ್ಲ. ಬರೀ ತವರದ ಲೇಪದೊಳಗೆ ಒತ್ತಡ ಉಳಿದಿರುತ್ತದೆ. ಕಿಕ್ಕಿರಿದ ಬಸ್ಸಿನಲ್ಲಿ ಯಾರಾದರೂ ಕಿಟಕಿಯಿಂದ ಕೈ ಹೊರಗೆ ಚಾಚುವಂತೆ, ಆ ಒತ್ತಡಕ್ಕೆ ಲೋಹವೇ ಎಳೆ ಎಳೆಯಾಗಿ ಹೊರಗೆ ಬರುತ್ತದೆ. ನೀರು ಬೇಡ, ಕರೆಂಟು ಬೇಡ, ಮುಚ್ಚಿಟ್ಟ ಚೀಲದಲ್ಲೂ ತಿಂಗಳುಗಟ್ಟಲೆ ಸದ್ದಿಲ್ಲದೆ ಬೆಳೆಯುತ್ತದೆ. ಪಕ್ಕದ ಪಿನ್ನಿಗೆ ಮುಟ್ಟಿದರೆ ಹೋಗಬಾರದ ಕಡೆ ಕರೆಂಟು ಹೋಗುತ್ತದೆ, ಲಿಫ್ಟಿಗೆ ಬುದ್ಧಿ ಕೆಡುತ್ತದೆ. ಎಷ್ಟೋ ಸಲ ಅದೇ ಕರೆಂಟಿಗೆ ಎಳೆ ಸುಟ್ಟುಹೋಗುತ್ತದೆ, ಆಮೇಲೆ ಹುಡುಕಿದರೆ ಏನೂ ಇರುವುದಿಲ್ಲ. ಸೀಸ ಬೆರೆತಿದ್ದಾಗ ಇದರ ಕಾಟ ಇರಲಿಲ್ಲ.

"ಪುಸ್ತಕದಲ್ಲಿ ಇದಕ್ಕೆ ತವರದ ಮೀಸೆ ಅಂತ ಹೆಸರು. ಓದಿದ್ದೆ. ಹಳದಿ ಚುಕ್ಕೆ ಅಂದ ಮೇಲೆ ಕೂದಲೇ ಇರಬೇಕು ಅಂತ ನಾನು ನೋಡೋಕೇ ಬರಲಿಲ್ಲ."

"ಮೀಸೆನಾ?" ರೇಡಿಯೋಗೆ ದನಿ ಮರಳಿತು. "ಮೀಸೆ ಬಂದಿದ್ದು ಯಾರಿಗೋ, ತಲೆ ಬೋಳಿಸಿದ್ದು ನಮ್ಮಕ್ಕಂದಾ? ಇದ್ಯಾವ ನ್ಯಾಯ ಸಾರ್?"

ಅಕ್ಕ ಕೂದಲನ್ನು ಮತ್ತೆ ಪೊಟ್ಟಣಕ್ಕೆ ಸೇರಿಸುತ್ತಿದ್ದರು. "ತವರ" ಎಂದು ತಮ್ಮಷ್ಟಕ್ಕೆ ಹೇಳಿಕೊಂಡರು. "ನನ್ನ ಹಣೇಲಿ ಇದೊಂದೇ ಬರೆದಿರೋದು ನೋಡು. ಮನೇಲಿ ತವರು, ಇಲ್ಲಿ ತವರ. ಎರಡೂ ಕಡೆ ಕೂದಲಿಗೇ ಬೈಗುಳ."

ಮೇಷ್ಟ್ರು ಆ ಬೋರ್ಡನ್ನು ಹಿಡಿದುಕೊಂಡು ನಮ್ಮನ್ನೆಲ್ಲ ಮೇಲೆ ಕರೆದುಕೊಂಡು ಹೋದರು. ಅಕ್ಕನ ಜೇಬಿನಲ್ಲಿ ಕೆಂಪು ಚುಕ್ಕೆಯ ಹಾಳೆ ಇತ್ತು. ಹಚ್ಚಿದ ಹಳದಿಗಳನ್ನೆಲ್ಲ ಕಿತ್ತು ಕೆಂಪು ಹಚ್ಚುವುದಕ್ಕೆ ಒಂದು ಮಾತಿನ ಒಪ್ಪಿಗೆ ಸಿಕ್ಕರೆ ಸಾಕಿತ್ತು.

ಮ್ಯಾನೇಜರ್ ತಾಳ್ಮೆಯಿಂದ ಕೇಳಿದರು. ಮುಗಿದ ಮೇಲೆ ಅಕ್ಕನ ಕಡೆ ನೋಡದೆ ಮೇಷ್ಟ್ರಿಗೆ ಹೇಳಿದರು: "ಕೆಂಪು ಅಂದ್ರೆ ಮಾಲು ಕೆಟ್ಟದ್ದು. ಮಾಲು ಕೆಟ್ಟದ್ದು ಅಂದ್ರೆ ಈಗಾಗಲೇ ಓಡ್ತಿರೋ ಅಷ್ಟೂ ಲಿಫ್ಟುಗಳ ಬೋರ್ಡು ವಾಪಸು ತರಿಸಬೇಕು. ಈ ಪಿನ್ನು ಸಾಕು ಅಂತ ಒಪ್ಪಿಕೊಂಡಿದ್ದು ಯಾರು ಅಂತ ಕೇಳ್ತಾರೆ. ಯಾರಂತ ಹೇಳಲಿ? ಇನ್ನು ಮುಂದೆ ಬ್ರಷ್ ಹೊಡೆದು, ಮೇಲೆ ವಾರ್ನಿಷ್ ಬಳೀರಿ. ಹಚ್ಚಿದ ಚುಕ್ಕೆ ಹಾಗೇ ಇರಲಿ."

"ಹೊರಗಡೆ ಇರೋ ಲಿಫ್ಟುಗಳು?" ಎಂದರು ಮೇಷ್ಟ್ರು.

"ಎಲ್ಲವೂ ಕೆಡುತ್ತವೆಯೇನ್ರೀ? ಕೆಟ್ಟಾಗ ನೋಡೋಣ."

ಮೇಷ್ಟ್ರು ದನಿ ಏರಿಸಿದರು, ಮೇಜು ಗುದ್ದಿದರು. ಅದನ್ನು ನಾನು ಮರೆತಿಲ್ಲ. ಆಮೇಲೆ ಅವರೂ ಮೆಟ್ಟಿಲು ಇಳಿದು ತಮ್ಮ ಮೈಕ್ರೋಸ್ಕೋಪಿಗೆ ಮುಸುಕು ಹಾಕಿ ಮನೆಗೆ ಹೋದರು. ಅದನ್ನೂ ಮರೆತಿಲ್ಲ.

ಅಕ್ಕ ಬಾಗಿಲಲ್ಲಿ ನಿಂತು ಒಂದೇ ಪ್ರಶ್ನೆ ಕೇಳಿದರು: "ಹಾಗಾದ್ರೆ ನನ್ನ ಖಾಯಂ ಸಾರ್?"

"ಇಷ್ಟೊಂದು ಹಳದಿ ಇಟ್ಕೊಂಡು ನಾನು ಹೇಗಮ್ಮ ಮಾಡಲಿ? ನೀವೇ ಹಚ್ಚಿದ್ದಲ್ವಾ?"

ಆ ವರ್ಷ ನಮ್ಮ ಕೋಣೆಯಿಂದ ಖಾಯಂ ಆದವಳು ರೇಡಿಯೋ. ಅವಳ ಮೇಜಿನ ಮೇಲೆ ಹಳದಿ ಇರಲಿಲ್ಲ, ಏಕೆಂದರೆ ವಾಪಸು ಬಂದ, ಗೋದಾಮಿನಿಂದ ಬಂದ ಬೋರ್ಡುಗಳನ್ನು ನೋಡುವ ಕೆಲಸ ಅವಳಿಗೆ ಕೊಟ್ಟಿರಲಿಲ್ಲ. ನೀಲಿ ಬಾಗಿಲಿನ ಬೀಗದ ಕೈಯನ್ನು ಅಂಗೈಯಲ್ಲಿ ಮುಚ್ಚಿಟ್ಟುಕೊಂಡು ಬಂದು ಅಕ್ಕನ ಮುಂದೆ ಅತ್ತಳು. "ಅಕ್ಕಾ, ನೀವೂ ಬಂದುಬಿಡಿ. ನಾನು, ನಮ್ಮನೆಯವರು, ಮಗು, ಎಲ್ಲ ಹೇಗೋ ಅಡ್ಜಸ್ಟ್ ಮಾಡ್ಕೋತೀವಿ. ಅಡುಗೆಮನೇಲಿ ಜಾಗ ಇದೆ."

ಅಕ್ಕ ಅವಳ ಕಣ್ಣು ಒರೆಸಿದರು. "ಬೇರೆಯವರ ಅಡುಗೆಮನೆ ಪಕ್ಕ ಮಲಗೋಕೆ ನಂಗೆ ಈಗಾಗಲೇ ಒಂದು ಜಾಗ ಇದೆಯಲ್ಲ ತಾಯಿ. ಎರಡೆರಡು ಯಾಕೆ?" ಎಂದರು. ತಮ್ಮ ಲಾಕರಿನ ಬೀಗದ ಕೈಯನ್ನು ಅವಳಿಗೆ ಕೊಟ್ಟು, "ಕಿಟಕಿ ಗಾಜಿಗೆ ರಟ್ಟು ಕತ್ತರಿಸಿಟ್ಟಿದ್ದೀನಿ. ಲಾಕರಿನಲ್ಲಿದೆ, ತಗೊಂಡು ಹೋಗು. ಅಳತೆ ಸರಿಯಾಗಿದೆ" ಎಂದರು.

ನಾನು ಆ ಕಾರ್ಖಾನೆ ಬಿಟ್ಟು ಬೇರೆ ಕಡೆ ಸೇರಿ ಕೆಲವು ವರ್ಷಗಳಾದವು. ಈಗಲೂ ಲಿಫ್ಟಿನ ಬಾಗಿಲು ಮುಚ್ಚುವಾಗ ಅರೆಕ್ಷಣ ತಡೆದರೆ ಹೊರಗೆ ಬಂದು ಮೆಟ್ಟಿಲು ಹತ್ತುತ್ತೇನೆ. ರಜೆಯಲ್ಲಿ ಅಕ್ಕನನ್ನು ನೋಡಲು ಹೋಗುತ್ತೇನೆ. ಕೂದಲು ಮತ್ತೆ ಬೆಳೆಸಲಿಲ್ಲ. ಬೆಳೆದಷ್ಟನ್ನೂ ಅದೇ ಗಂಡಸರ ಅಂಗಡಿಗೆ ಹೋಗಿ ಕತ್ತರಿಸಿಕೊಂಡು ಬರುತ್ತಾರೆ. ಹೊಸದಾಗಿ ಕೆಲಸಕ್ಕೆ ಸೇರಿದ ಹುಡುಗಿಯರು ಅವರನ್ನು ಜಡೆಯಕ್ಕ ಎಂದು ಏಕೆ ಕರೆಯುತ್ತಾರೆಂದು ಕೇಳಿದರೆ, "ತಮಾಷೆಗೆ" ಎನ್ನುತ್ತಾರಂತೆ.

ಅವರು ಈಗ ಅದೇ ಕಾರ್ಖಾನೆಯ ವಾರ್ನಿಷ್ ಕೋಣೆಯಲ್ಲಿ ಕೆಲಸ ಮಾಡುತ್ತಾರೆ. ಪಿನ್ನುಗಳ ಮೇಲಿನ ಎಳೆಗಳನ್ನು ಬ್ರಷ್ಷಿನಿಂದ ಒರೆಸಿ ತೆಗೆದು, ಮೇಲೆ ವಾರ್ನಿಷ್ ಬಳಿಯುತ್ತಾರೆ. ಇನ್ನೂ ಖಾಯಂ ಆಗಿಲ್ಲ.